ಬೇಕಾಗಿದ್ದ ಅಂಕಿ

ಸ್ವೀಡನ್ ದೇಶದ ಪೂರ್ವಕ್ಕೆ, ಬಾಲ್ಟಿಕ್ ಸಮುದ್ರದ ನಡುವೆ, ಗೋಟ್‌ಲ್ಯಾಂಡ್ ಎಂಬ ದ್ವೀಪವಿದೆ. ಅದರ ಉತ್ತರ ಭಾಗದಲ್ಲಿ ಮೀನು ಮತ್ತು ನೀರಿನ ಅಧ್ಯಯನಕ್ಕೆಂದು ಒಂದು ಚಿಕ್ಕ ಸಂಶೋಧನಾ ಕೇಂದ್ರ. ಬೇಸಿಗೆ ಹತ್ತಿರವಾದಂತೆ ಬೇರೆ ಬೇರೆ ಊರುಗಳ ಸಂಶೋಧಕರು ಅಲ್ಲಿಗೆ ಬರುತ್ತಾರೆ, ಕೆಲವು ವಾರ ತಂಗಿ ತಮ್ಮ ಪ್ರಯೋಗ ಮುಗಿಸಿಕೊಂಡು ಹೋಗುತ್ತಾರೆ. ಪ್ರಯೋಗಾಲಯ ದೊಡ್ಡದಲ್ಲ. ಒಬ್ಬರು ಏನು ಮಾಡುತ್ತಿದ್ದಾರೆ ಎಂಬುದು ಇನ್ನೊಬ್ಬರಿಗೆ ತಾನಾಗಿಯೇ ಗೊತ್ತಾಗುವಂಥ ಜಾಗ. ಈ ಪ್ರಕರಣದಲ್ಲಿ ಮುಂದೆ ನಡೆದದ್ದಕ್ಕೆಲ್ಲ ಈ ಸಂಗತಿಯೇ ಆಧಾರ.

2015ರ ವಸಂತದಲ್ಲಿ ಅಲ್ಲಿಗೆ ಬಂದವರಲ್ಲಿ ಒಬ್ಬ ಯುವ ಸಂಶೋಧಕಿ ಇದ್ದರು. ಪಿಎಚ್‌.ಡಿ. ಮುಗಿಸಿ ದೇಶದ ಹಳೆಯ, ಹೆಸರಾಂತ ವಿಶ್ವವಿದ್ಯಾಲಯವೊಂದರಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರ ಜೊತೆ ಕೆಲಸ ಮಾಡುತ್ತಿದ್ದರು. ಅವರು ಎತ್ತಿಕೊಂಡ ಪ್ರಶ್ನೆ ಗಂಭೀರವಾದದ್ದು. ಬಾಲ್ಟಿಕ್ ಕರಾವಳಿಯ ಹಲವೆಡೆ ಪರ್ಚ್ ಮತ್ತು ಪೈಕ್ ಎಂಬ ಮೀನುಗಳ ಮರಿಗಳು ಮೊದಲಿನಷ್ಟು ಉಳಿಯುತ್ತಿರಲಿಲ್ಲ. ಸಮುದ್ರದ ತುಂಬ ಹರಡಿರುವ ಪ್ಲಾಸ್ಟಿಕ್ ಪುಡಿಗೂ ಇದಕ್ಕೂ ಸಂಬಂಧವಿದೆಯೇ? ಇಂಥ ಪ್ರಶ್ನೆ ಕೇಳುವವರು ಬೇಕು. ಆ ಪ್ರಶ್ನೆಯಲ್ಲಿ ಯಾವ ದೋಷವೂ ಇರಲಿಲ್ಲ.

ಒಂದು ವರ್ಷದ ನಂತರ, 2016ರ ಜೂನ್ ಮೊದಲ ವಾರ, ಇಬ್ಬರ ಹೆಸರಿನಲ್ಲಿ ಪ್ರಬಂಧ ಹೊರಬಂತು. ಪ್ರಕಟಿಸಿದ್ದು ಜಗತ್ತಿನ ಅತ್ಯಂತ ಪ್ರತಿಷ್ಠಿತ ವಿಜ್ಞಾನ ಪತ್ರಿಕೆಗಳಲ್ಲಿ ಒಂದು. ಅಂಥ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂದರೆ ಸಾಕು, ಯುವ ವಿಜ್ಞಾನಿಯ ಮುಂದಿನ ಹತ್ತು ವರ್ಷದ ದಾರಿ ಸುಗಮವಾಗುತ್ತದೆ ಎಂಬ ಮಾತಿದೆ. ಆ ಮಾತಿನಲ್ಲಿ ಅತಿಶಯೋಕ್ತಿ ಹೆಚ್ಚೇನಿಲ್ಲ.

ಪ್ರಬಂಧ ಹೇಳಿದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪರ್ಚ್ ಮೀನು ತನ್ನ ಮೊಟ್ಟೆಗಳನ್ನು ಉದ್ದನೆಯ ಲೋಳೆಪಟ್ಟಿಯಾಗಿ ನೀರೊಳಗಿನ ಗಿಡಗಂಟಿಗಳಿಗೆ ಸುತ್ತಿ ಬಿಡುತ್ತದೆ. ಅಂಥ ಮೊಟ್ಟೆಗಳನ್ನು ಮೂರು ಬಗೆಯ ನೀರಿನಲ್ಲಿಟ್ಟು ನೋಡಿದೆವು ಎಂದು ಲೇಖಕರು ಬರೆದರು. ಒಂದರಲ್ಲಿ ಪ್ಲಾಸ್ಟಿಕ್ ಇಲ್ಲ. ಇನ್ನೊಂದರಲ್ಲಿ ಘನಮೀಟರಿಗೆ 10,000 ಕಣ, ಮತ್ತೊಂದರಲ್ಲಿ 80,000 ಕಣ. ಕಣವೆಂದರೆ 0.09 ಮಿಲಿಮೀಟರ್ ಗಾತ್ರದ ಪಾಲಿಸ್ಟೈರೀನ್ ಗುಂಡು. ಶುದ್ಧ ನೀರಿನಲ್ಲಿ ನೂರಕ್ಕೆ 96 ಮೊಟ್ಟೆ ಒಡೆದು ಮರಿಯಾದವು, ಎರಡನೆಯದರಲ್ಲಿ 89, ಮೂರನೆಯದರಲ್ಲಿ 81. ಪ್ಲಾಸ್ಟಿಕ್ ಇದ್ದ ನೀರಿನಲ್ಲಿ ಹುಟ್ಟಿದ ಮರಿಗಳು ಕಣ್ಣೆದುರಿಗಿದ್ದ ನಿಜವಾದ ಆಹಾರ ಬಿಟ್ಟು ಪ್ಲಾಸ್ಟಿಕ್ಕನ್ನೇ ಆರಿಸಿ ತಿಂದವು. ಗಾಯಗೊಂಡ ಮೀನಿನ ಚರ್ಮದಿಂದ ಒಂದು ರಾಸಾಯನಿಕ ನೀರಿಗೆ ಸೇರುತ್ತದೆ, ಆ ವಾಸನೆ ಹತ್ತಿದರೆ ಆರೋಗ್ಯವಂತ ಮರಿ ಅಪಾಯವರಿತು ಅಲ್ಲಾಡದೆ ನಿಲ್ಲುತ್ತದೆ. ಈ ಮರಿಗಳಿಗೆ ಆ ಎಚ್ಚರವೂ ಇರಲಿಲ್ಲ. ಹೆಚ್ಚು ಪ್ಲಾಸ್ಟಿಕ್‌ನಲ್ಲಿ ಬೆಳೆದವುಗಳನ್ನು ಪೈಕ್ ಮೀನಿನ ಜೊತೆ ಬಿಟ್ಟಾಗ 24 ಗಂಟೆಯೊಳಗೆ ಒಂದೂ ಉಳಿಯಲಿಲ್ಲ.

96, 89, 81. ಮೆಟ್ಟಿಲಿಳಿದಂತೆ ಇಳಿಯುವ ಈ ಅಂಕಿಗಳನ್ನು ಓದಿದವರಿಗೆಲ್ಲ ಕಥೆ ಅರ್ಥವಾಯಿತು. ಹದಿಹರೆಯದವರು ಫಾಸ್ಟ್‌ಫುಡ್‌ಗೆ ಬೀಳುವಂತೆ ಮೀನುಮರಿಗಳು ಪ್ಲಾಸ್ಟಿಕ್‌ಗೆ ಬಿದ್ದಿವೆ ಎಂದು ಸಂಶೋಧಕಿ ಸುದ್ದಿಗಾರರಿಗೆ ವಿವರಿಸಿದರು. ಸುದ್ದಿ ಖಂಡಾಂತರ ಹರಡಿತು. ಸೌಂದರ್ಯ ಸಾಧನಗಳಲ್ಲಿ ಪ್ಲಾಸ್ಟಿಕ್ ಕಣ ಹಾಕುವುದನ್ನು ನಿಷೇಧಿಸಬೇಕೆಂಬ ಚರ್ಚೆ ಆಗ ಅನೇಕ ದೇಶಗಳಲ್ಲಿ ನಡೆಯುತ್ತಿತ್ತು. ಆ ಚರ್ಚೆಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವಂತಿರಲಿಲ್ಲ.

ಅದನ್ನು ಓದಿದವರಲ್ಲಿ ಇನ್ನೊಬ್ಬ ಯುವ ಸಂಶೋಧಕಿಯೂ ಇದ್ದರು. ಅವರೂ ಮೀನುಗಳ ನಡವಳಿಕೆಯನ್ನೇ ಅಧ್ಯಯನ ಮಾಡುವವರು. 2015ರ ಆ ದಿನಗಳಲ್ಲಿ ಅದೇ ದ್ವೀಪದ ಅದೇ ಕೇಂದ್ರದಲ್ಲಿ ತಮ್ಮ ಪ್ರಯೋಗಕ್ಕಾಗಿ ತಂಗಿದ್ದರು. ಪ್ರಬಂಧದ ವಿಧಾನದ ಭಾಗವನ್ನು ಓದುತ್ತ ಹೋದಂತೆ, ತಾವು ಕಣ್ಣಾರೆ ಕಂಡದ್ದಕ್ಕೂ ಅಲ್ಲಿ ಅಚ್ಚಾಗಿರುವುದಕ್ಕೂ ತಾಳೆಯಾಗಲಿಲ್ಲ. ಅಷ್ಟು ಪಾತ್ರೆಗಳು ಅಲ್ಲಿದ್ದವೇ? ಅಷ್ಟು ದಿನದ ಪ್ರಯೋಗ ಅಲ್ಲಿ ಯಾವಾಗ ನಡೆಯಿತು? ಸಹೋದ್ಯೋಗಿಯೊಬ್ಬರ ಜೊತೆ ಚರ್ಚಿಸಿದರು. ಬೇರೆ ದೇಶಗಳಲ್ಲಿದ್ದ ಕೆಲವು ಮೀನುವಿಜ್ಞಾನಿಗಳೂ ಪ್ರಬಂಧವನ್ನು ಸಾಲುಸಾಲಾಗಿ ಪರಿಶೀಲಿಸಿದರು. ಪ್ರಕಟವಾದ ತಿಂಗಳೊಳಗೇ ವಿಶ್ವವಿದ್ಯಾಲಯಕ್ಕೆ ಲಿಖಿತ ದೂರು ಹೋಯಿತು.

ಈ ನಿರ್ಧಾರದ ತೂಕವನ್ನು ನಾವು ಸರಿಯಾಗಿ ಅಳೆಯಬೇಕು. ದೂರು ಕೊಟ್ಟವರೂ ಪರಿಸರದ ಪರವಾಗಿದ್ದವರೇ. ಸಮುದ್ರ ಹಾಳಾಗುತ್ತಿದೆ ಎಂಬ ಆತಂಕ ಅವರಿಗೂ ಅಷ್ಟೇ ಇತ್ತು. ಕಾಯಂ ಕೆಲಸವಿಲ್ಲದ ವಯಸ್ಸಿನಲ್ಲಿ, ಚಿಕ್ಕದಾದ ಒಂದು ವಿದ್ವತ್ ವಲಯದಲ್ಲಿ, ಪರಿಚಿತರ ಮೇಲೆ, ಅದೂ ಜಗತ್ತು ಮೆಚ್ಚಿದ ಕೆಲಸದ ಮೇಲೆ ಬೆರಳು ತೋರಿಸುವುದೆಂದರೆ ತನ್ನ ಕಾಲಮೇಲೆ ತಾನೇ ಕಲ್ಲು ಹಾಕಿಕೊಂಡಂತೆ. ಹೊಟ್ಟೆಕಿಚ್ಚು ಎಂದು ಜನ ಹೇಳುತ್ತಾರೆ. ಶತ್ರುಗಳಿಗೆ ಅಸ್ತ್ರ ಕೊಟ್ಟೆ ಎಂದು ಸ್ವಂತ ಪಾಳೆಯದವರೇ ದೂರುತ್ತಾರೆ. ಸುಮ್ಮನಿದ್ದಿದ್ದರೆ ಅವರನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ದೂರಿನ ಮೊದಲ ಬೇಡಿಕೆ ಸರಳವಾಗಿತ್ತು: ಮೂಲ ದತ್ತಾಂಶ ತೋರಿಸಿ. ಪ್ರಬಂಧದೊಂದಿಗೆ ಮೂಲ ದತ್ತಾಂಶವೂ ಎಲ್ಲರಿಗೆ ಲಭ್ಯವಾಗಬೇಕೆಂಬ ನಿಯಮ ಆ ಪತ್ರಿಕೆಯಲ್ಲೇ ಇತ್ತು. ಆದರೆ ಅದು ಪಾಲನೆಯಾಗಿದೆಯೇ ಎಂದು ಯಾರೂ ನೋಡಿರಲಿಲ್ಲ. ಕೇಳಿದಾಗ ಬಂದ ಉತ್ತರ ಹೀಗಿತ್ತು. ದತ್ತಾಂಶವಿದ್ದ ಲ್ಯಾಪ್‌ಟಾಪ್ ಕಳವಾಗಿದೆ. ಪ್ರಬಂಧ ಪ್ರಕಟವಾದ ಕೆಲವೇ ದಿನಗಳಲ್ಲಿ, ಸಂಶೋಧಕಿಯ ಪತಿಯ ಕಾರಿನಿಂದ. ಬ್ಯಾಕಪ್ ಇಲ್ಲ.

ಕಳವು ನಡೆಯಲೇ ಇಲ್ಲ ಎಂದು ನಾನು ಹೇಳಲಾರೆ. ಕಾರಿನಿಂದ ಲ್ಯಾಪ್‌ಟಾಪ್ ಹೋಗುವುದು ಸ್ವೀಡನ್ನಿನಲ್ಲೂ ಉಂಟು, ನಮ್ಮಲ್ಲೂ ಉಂಟು. ಹಾಗೇ ಇಟ್ಟುಕೊಳ್ಳೋಣ. ಆದರೆ ಸಾರ್ವಜನಿಕ ಹಣದಿಂದ ನಡೆದ, ದೇಶದೇಶಗಳ ನೀತಿಗೆ ಆಧಾರವಾಗಬಲ್ಲ ಪ್ರಯೋಗವೊಂದರ ಏಕೈಕ ದಾಖಲೆ ಒಂದು ಕಾರಿನ ಸೀಟಿನ ಮೇಲಿತ್ತು ಎಂದರೆ, ಆ ದಾಖಲೆ ಇದ್ದದ್ದೇ ನಿಜವಾದರೂ ಅದನ್ನು ಕಾಪಾಡುವ ಕರ್ತವ್ಯದಲ್ಲಿ ಇಬ್ಬರೂ ಲೇಖಕರು ತಪ್ಪಿದ್ದರು. ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬ ಕಡತವನ್ನು ಹೀಗೆ ಕಳೆದುಕೊಂಡಿದ್ದರೆ ಅವನ ಗತಿ ಏನಾಗುತ್ತಿತ್ತು ಎಂಬುದು ನಮಗೆಲ್ಲ ಗೊತ್ತು.

ಈಗ ವಿಶ್ವವಿದ್ಯಾಲಯದ ಸರದಿ. ಆಗಿನ ಪದ್ಧತಿಯಂತೆ ಇಂಥ ದೂರುಗಳ ವಿಚಾರಣೆ ಆಯಾ ವಿಶ್ವವಿದ್ಯಾಲಯದ್ದೇ ಹೊಣೆ. ಅದೊಂದು ಪ್ರಾಥಮಿಕ ತನಿಖೆ ನಡೆಸಿತು. 2016ರ ಆಗಸ್ಟ್ ಕೊನೆಯ ಹೊತ್ತಿಗೆ ವರದಿ ಸಿದ್ಧವಾಯಿತು. ವಂಚನೆಗೆ ಆಧಾರವಿಲ್ಲ ಎಂದು ತೀರ್ಮಾನಿಸಿದ್ದಲ್ಲದೆ, ದೂರು ಕೊಟ್ಟವರ ನಡವಳಿಕೆಯ ಬಗ್ಗೆಯೇ ಅಸಮಾಧಾನ ಸೂಚಿಸಿತು.

ಪ್ರಕರಣದ ಅತ್ಯಂತ ಬೇಸರದ ಘಟ್ಟ ಇದು ಎಂದು ನನ್ನ ಅಭಿಪ್ರಾಯ. ಒಬ್ಬ ವ್ಯಕ್ತಿಯ ತಪ್ಪಿಗೆ ಆಸೆ, ಭಯ, ಒತ್ತಡ ಎಂದು ಏನಾದರೂ ಕಾರಣ ಹುಡುಕಬಹುದು. ಆದರೆ ತನಿಖೆಗೆ ಕುಳಿತವರಿಗೆ ಯಾವ ಒತ್ತಡವಿತ್ತು? ಲಂಚವಿರಲಿಲ್ಲ, ಬೆದರಿಕೆಯಿರಲಿಲ್ಲ. ತಮ್ಮ ಮನೆಯ ಮಾನ ಹೋಗಬಾರದು ಎಂಬ ಒಂದು ಸಣ್ಣ ಇಚ್ಛೆಯೇ ಸಾಕಾಯಿತು ಎಂದು ತೋರುತ್ತದೆ. ಕೇಳಬೇಕಾದ ಪ್ರಶ್ನೆ ‘ಈ ಪ್ರಯೋಗ ನಡೆಯಿತೇ’ ಎಂಬುದು. ಅವರ ಗಮನವೆಲ್ಲ ‘ಈ ದೂರುದಾರರು ಹೀಗೇಕೆ ಮಾಡಿದರು’ ಎಂಬ ಕಡೆಗೆ ಹರಿಯಿತು. ಪ್ರಶ್ನೆ ಕೇಳಿದವನ ಶೀಲವನ್ನು ಮೊದಲು ಪರೀಕ್ಷಿಸುವ ಈ ಚಾಳಿ ಯಾವುದೇ ಒಂದು ದೇಶದ್ದಲ್ಲ. ನಮ್ಮ ಸಹಕಾರ ಸಂಘಗಳಲ್ಲಿ, ದೇವಸ್ಥಾನದ ಸಮಿತಿಗಳಲ್ಲಿ, ಶಾಲೆಯ ಆಡಳಿತ ಮಂಡಳಿಗಳಲ್ಲಿ ಲೆಕ್ಕ ಕೇಳಿದವರೆಲ್ಲ ಇದನ್ನು ಅನುಭವಿಸಿದ್ದಾರೆ.

ದೂರುದಾರರು ಅಲ್ಲಿಗೆ ಬಿಡಲಿಲ್ಲ. ವಿಷಯ ರಾಷ್ಟ್ರಮಟ್ಟದ ನೈತಿಕ ಪರಿಶೀಲನಾ ವ್ಯವಸ್ಥೆಯ ತಜ್ಞರ ಮುಂದೆ ಹೋಯಿತು. ಡಿಸೆಂಬರಿನಲ್ಲಿ ಪತ್ರಿಕೆ ಪ್ರಬಂಧದ ಮೇಲೊಂದು ಎಚ್ಚರಿಕೆಯ ಟಿಪ್ಪಣಿ ಹಾಕಿತು. 2017ರ ಏಪ್ರಿಲ್‌ನಲ್ಲಿ ತಜ್ಞರ ಅಭಿಪ್ರಾಯ ಬಂತು, ಮೊದಲ ತನಿಖೆಗೆ ನೇರ ವಿರುದ್ಧವಾಗಿ. ಮೂಲ ದತ್ತಾಂಶವಿಲ್ಲ. ಪ್ರಯೋಗ ಹೇಗೆ ನಡೆಯಿತು ಎಂಬುದರಲ್ಲಿ ಎಲ್ಲೆಲ್ಲೂ ಅಸ್ಪಷ್ಟತೆ. ಪ್ರಾಣಿಗಳ ಮೇಲೆ ಪ್ರಯೋಗ ನಡೆಸಲು ಬೇಕಾದ ಅನುಮತಿಯೂ ಸರಿಯಾಗಿ ಇರಲಿಲ್ಲ, ಇದೆ ಎಂಬಂತೆ ಪ್ರಬಂಧದಲ್ಲಿ ಬರೆಯಲಾಗಿತ್ತು. ಮೇ ಮೊದಲ ವಾರ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ತಜ್ಞರ ವರದಿಯ ಕೆಲವು ಅಂಶಗಳನ್ನು ತಾವು ಒಪ್ಪುವುದಿಲ್ಲ ಎಂದು ಲೇಖಕರು ತಿಳಿಸಿದ್ದರು. ಅದನ್ನೂ ಇಲ್ಲಿ ದಾಖಲಿಸುವುದು ನ್ಯಾಯ.

ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಮಂಡಳಿ ತನ್ನ ಅಂತಿಮ ತೀರ್ಮಾನ ಕೊಟ್ಟಿತು. ಪ್ರಬಂಧದಲ್ಲಿ ಹೇಳಿದ ಅವಧಿಯಲ್ಲಿ, ಹೇಳಿದ ಪ್ರಮಾಣದಲ್ಲಿ ಪ್ರಯೋಗಗಳು ನಡೆದಿಲ್ಲ. ಮೊದಲ ಲೇಖಕಿ ಉದ್ದೇಶಪೂರ್ವಕವಾಗಿ ಫಲಿತಾಂಶ ಸೃಷ್ಟಿಸಿದ್ದಾರೆ. ಹಿರಿಯ ಲೇಖಕರು ಪರಿಶೀಲಿಸುವ ಹೊಣೆಯನ್ನು ನಿರ್ವಹಿಸಿಲ್ಲ, ಅನುಮತಿಯ ವಿಷಯದಲ್ಲೂ ತಪ್ಪಿದ್ದಾರೆ. ಇಬ್ಬರೂ ತಪ್ಪಿತಸ್ಥರು. ಅಲ್ಲಿಗೆ ಒಂದೂವರೆ ವರ್ಷ ಕಳೆದಿತ್ತು.

ಪ್ರಕರಣ ಇಷ್ಟು. ಇನ್ನು ತೂಗಿ ನೋಡುವ ಕೆಲಸ.

ಯುವ ಸಂಶೋಧಕಿಯ ತಪ್ಪನ್ನು ಕಡಿಮೆ ಮಾಡಿ ಹೇಳುವ ಅಗತ್ಯವಿಲ್ಲ. ಇಲ್ಲದ ಮೀನುಮರಿಗಳ ಸಾವನ್ನು ಎಣಿಸಿ ಬರೆಯುವುದು ಸುಳ್ಳುಸಾಕ್ಷಿ. ಆದರೆ ಆ ಸುಳ್ಳು ಹುಟ್ಟಿದ ನೆಲವನ್ನೂ ನೋಡಬೇಕು. ಯುವ ವಿಜ್ಞಾನಿಗಳ ಕೆಲಸ ಎರಡು ಮೂರು ವರ್ಷದ ಒಪ್ಪಂದಗಳ ಮೇಲೆ ನಿಂತಿರುತ್ತದೆ. ಮೊಟ್ಟೆ ಒಡೆಯುವ ಕಾಲ ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ. ಪ್ರಯೋಗ ಮಾಡಿ, ‘ಏನೂ ವ್ಯತ್ಯಾಸ ಕಾಣಲಿಲ್ಲ’ ಎಂದು ಬರೆದರೆ ಯಾವ ದೊಡ್ಡ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ, ಯಾವ ಸುದ್ದಿಗಾರನೂ ಫೋನ್ ಮಾಡುವುದಿಲ್ಲ. ಪ್ರಾಮಾಣಿಕವಾದ ಸಪ್ಪೆ ಉತ್ತರಕ್ಕೆ ಬೆಲೆಯಿಲ್ಲದ ಮಾರುಕಟ್ಟೆಯನ್ನು ಕಟ್ಟಿದವರು ಅವರೊಬ್ಬರೇ ಅಲ್ಲ. ಆದರೆ ಅದೇ ಮಾರುಕಟ್ಟೆಯಲ್ಲಿ, ಅದೇ ಒತ್ತಡದಲ್ಲಿ, ಅದೇ ಕೇಂದ್ರದ ಅದೇ ಕೋಣೆಗಳಲ್ಲಿ ಕೆಲಸ ಮಾಡಿದ ಇನ್ನೊಬ್ಬಾಕೆ ಬೇರೆ ದಾರಿ ಹಿಡಿದರು. ಒತ್ತಡವನ್ನು ಕಂಡಾಗ ತಪ್ಪು ಏಕಾಯಿತೆಂದು ಅರ್ಥವಾಗುತ್ತದೆ, ಅದು ಮನ್ನಾ ಆಗುವುದಿಲ್ಲ.

ಹಿರಿಯ ಪ್ರಾಧ್ಯಾಪಕರ ವಿಷಯ ನನಗೆ ಹೆಚ್ಚು ಕಷ್ಟವೆನಿಸುತ್ತದೆ. ಅವರು ಸುಳ್ಳು ಸೃಷ್ಟಿಸಿದರು ಎಂದು ಯಾರೂ ಹೇಳಿಲ್ಲ. ಅವರು ನಂಬಿದರು. ನಂಬಿಕೆ ಒಳ್ಳೆಯ ಗುಣ, ಗುರುವಿಗೆ ಒಪ್ಪುವ ಗುಣ. ಆದರೆ ತನ್ನ ಹೆಸರು ಹಾಕಿದವನು ‘ನಾನು ನಂಬಿದ್ದೆ’ ಎಂದರೆ ಸಾಲದು. ಸಹಿ ಎಂದರೆ ‘ನಾನು ನೋಡಿದ್ದೇನೆ’ ಎಂದೇ ಅರ್ಥ. ಮೂಲ ಅಂಕಿಗಳ ಹಾಳೆಯನ್ನು ಒಂದು ಮಧ್ಯಾಹ್ನ ಕುಳಿತು ನೋಡಿದ್ದರೆ, ಅದರ ಒಂದು ಪ್ರತಿಯನ್ನು ವಿಶ್ವವಿದ್ಯಾಲಯದ ಸರ್ವರ್‌ನಲ್ಲಿ ಹಾಕಿಸಿದ್ದರೆ, ಇಡೀ ಪ್ರಕರಣ ಮೊಳಕೆಯಲ್ಲೇ ನಿಲ್ಲುತ್ತಿತ್ತು. ಒಂದು ಜೀವಮಾನದ ದುಡಿಮೆಯ ಕೊನೆಯ ಭಾಗಕ್ಕೆ ಈ ಕಲೆ ಅಂಟುತ್ತಿರಲಿಲ್ಲ. ನೋಡದೆ ಸಹಿ ಹಾಕುವ ಔದಾರ್ಯವನ್ನು ನಾವು ದೊಡ್ಡತನ ಎಂದು ಕರೆಯುವುದನ್ನು ಬಿಡಬೇಕು.

ಈಗ ನಮ್ಮ ಕಡೆಗೆ ತಿರುಗೋಣ. ಓದಿದವರು, ನಂಬಿದವರು, ಹಂಚಿದವರು.

ಆ ಅಂಕಿಗಳನ್ನು ಅಷ್ಟು ಬೇಗ ಒಪ್ಪಿಕೊಂಡದ್ದೇಕೆ? ಅವು ನಮಗೆ ಬೇಕಾಗಿದ್ದವು. ಪ್ಲಾಸ್ಟಿಕ್ ಕೆಟ್ಟದ್ದು ಎಂದು ನಮಗೆ ಮೊದಲೇ ಗೊತ್ತಿತ್ತು, ಅದನ್ನು ತೋರಿಸುವ ಸಾಕ್ಷಿ ಬಂದಾಗ ಅಡ್ಡಪ್ರಶ್ನೆ ಕೇಳಲು ಮನಸ್ಸಾಗಲಿಲ್ಲ. ಇದೇ ಪ್ರಬಂಧ ‘ಪ್ಲಾಸ್ಟಿಕ್‌ನಿಂದ ಮೀನುಮರಿಗೆ ಯಾವ ತೊಂದರೆಯೂ ಇಲ್ಲ’ ಎಂದು ಹೇಳಿದ್ದರೆ, ಯಾರ ಹಣದಿಂದ ಪ್ರಯೋಗ ನಡೆಯಿತು, ಎಷ್ಟು ಮರಿ, ಎಷ್ಟು ಪಾತ್ರೆ, ಮೂಲ ದಾಖಲೆ ಎಲ್ಲಿ ಎಂದು ಮೊದಲ ದಿನವೇ ಕೇಳುತ್ತಿದ್ದೆವು. ನಮಗೆ ಒಪ್ಪದ ಮಾತನ್ನು ಹತ್ತು ಸಲ ಜಾಲಿಸಿ, ಒಪ್ಪುವ ಮಾತನ್ನು ಹಾಗೇ ನುಂಗುವವರು ಮೊದಲೇ ಇದ್ದ ಅಭಿಪ್ರಾಯವನ್ನಷ್ಟೇ ಪೋಷಿಸುತ್ತಾರೆ.

ಇನ್ನೊಂದು ಭಯವೂ ಇದೆ, ಅದನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಪರಿಸರದ ಅಂಕಿಅಂಶಗಳಿಗೆ ಶತ್ರುಗಳಿದ್ದಾರೆ. 2009ರಲ್ಲಿ ಬ್ರಿಟನ್ನಿನ ಹವಾಮಾನ ಸಂಶೋಧಕರ ಸಾವಿರಕ್ಕೂ ಹೆಚ್ಚು ಇಮೇಲ್‌ಗಳನ್ನು ಕದ್ದು, ಕೋಪೆನ್‌ಹೇಗನ್ ಸಮ್ಮೇಳನದ ಮುನ್ನಾದಿನಗಳಲ್ಲಿ ಬಹಿರಂಗಪಡಿಸಿ, ಹವಾಮಾನ ಬದಲಾವಣೆಯೇ ಕಟ್ಟುಕಥೆ ಎಂದು ಗುಲ್ಲೆಬ್ಬಿಸಲಾಯಿತು. ಆಮೇಲೆ ನಡೆದ ಹಲವು ತನಿಖೆಗಳಲ್ಲಿ ಯಾವುದೂ ವಿಜ್ಞಾನಿಗಳು ಫಲಿತಾಂಶ ತಿರುಚಿದ್ದಾರೆ ಎಂದು ಹೇಳಲಿಲ್ಲ. ಆದರೆ ದತ್ತಾಂಶ ಹಂಚಿಕೊಳ್ಳುವುದರಲ್ಲಿ ಇನ್ನಷ್ಟು ತೆರೆದ ಮನಸ್ಸು ಬೇಕಿತ್ತು ಎಂಬ ಟೀಕೆ ಬಂತು. ಇಂಥ ಅನುಭವವಾದವರು ಒಳಗಿನ ತಪ್ಪನ್ನು ಹೊರಗೆ ಹೇಳಲು ಅಂಜುವುದು ಸಹಜ. ಆದರೂ ಆ ಅಂಜಿಕೆಗೆ ಮಣಿದರೆ ಆಗುವುದೇನು? ಬಾಲ್ಟಿಕ್ ಪ್ರಬಂಧ ಸುಳ್ಳೆಂದು ಪರಿಸರವಾದಿಗಳೇ ತೋರಿಸಿದರು. ಅದನ್ನು ಪ್ಲಾಸ್ಟಿಕ್ ಕಾರ್ಖಾನೆಯ ವಕೀಲನೊಬ್ಬ ಹತ್ತು ವರ್ಷದ ನಂತರ ನ್ಯಾಯಾಲಯದಲ್ಲಿ ತೋರಿಸಿದ್ದರೆ, ಆ ಒಂದು ಪ್ರಬಂಧದ ಜೊತೆ ನೂರು ಸತ್ಯವಾದ ಪ್ರಬಂಧಗಳೂ ಮುಳುಗುತ್ತಿದ್ದವು. ಸ್ವೀಡನ್ 2018ರ ಜುಲೈನಿಂದ ತೊಳೆದುಕೊಳ್ಳುವ ಸೌಂದರ್ಯ ಸಾಧನಗಳಲ್ಲಿ ಪ್ಲಾಸ್ಟಿಕ್ ಕಣಗಳನ್ನು ನಿಷೇಧಿಸಿತು. ಆ ಕಾನೂನಿಗೆ ಈ ಪ್ರಬಂಧದ ಅಗತ್ಯವೇ ಇರಲಿಲ್ಲ.

ನಮ್ಮ ನಾಡಿಗೂ ಈ ಕಥೆಗೂ ಏನು ಸಂಬಂಧ ಎಂದು ಕೇಳಬಹುದು. ಕಾಳಿ ನದಿಯನ್ನು ನೆನಪಿಸುತ್ತೇನೆ. 2000ದ ಇಸವಿಯಲ್ಲಿ ದಾಂಡೇಲಿಯ ಹತ್ತಿರ ಆ ನದಿಗೆ ಇನ್ನೊಂದು ಜಲವಿದ್ಯುತ್ ಯೋಜನೆ ಪ್ರಸ್ತಾಪವಾಯಿತು. ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳ ಸಾಲನ್ನೇ ಹೊತ್ತಿರುವ, 184 ಕಿಲೋಮೀಟರ್ ಉದ್ದದ ಪುಟ್ಟ ನದಿ ಅದು. ಯೋಜನೆಗಾಗಿ ದೊಡ್ಡ ಹೆಸರಿನ ಸಲಹಾ ಸಂಸ್ಥೆಯೊಂದು ಪರಿಸರ ಪರಿಣಾಮದ ವರದಿ ಬರೆದುಕೊಟ್ಟಿತು. ಇಂಥ ವರದಿಗಳ ನಿಯಮಕ್ಕೆ 1997ರಲ್ಲಿ ತಂದ ತಿದ್ದುಪಡಿಯಿಂದಾಗಿ ಸಾರ್ವಜನಿಕರ ಅಹವಾಲು ಕೇಳುವುದು ಕಡ್ಡಾಯವಾಗಿದ್ದರಿಂದ ಆ ವರದಿ ಜನರ ಕೈಗೆ ಬಂತು. ಉತ್ತರ ಕನ್ನಡದ ಮತ್ತು ಬೆಂಗಳೂರಿನ ಪರಿಸರ ಕಾರ್ಯಕರ್ತರು ಓದಿ ನೋಡಿದರೆ, ಅದರ ಬಹುಭಾಗ ಅದೇ ನದೀಕಣಿವೆಯ ಇನ್ನೊಂದು ಯೋಜನೆಗೆ ಹಿಂದೆ ಬರೆದಿದ್ದ ವರದಿಯ ಅಕ್ಷರಶಃ ನಕಲು. ವರದಿ ಹಿಂದಕ್ಕೆ ಹೋಯಿತು.

ನಕಲು ಮಾಡಿದ ಅಂಕಿಗಳು ಸುಳ್ಳು ಅಂಕಿಗಳೇ ಆಗಿರಬೇಕೆಂದಿಲ್ಲ, ಅವನ್ನು ಯಾರೋ ಎಲ್ಲೋ ಅಳೆದಿರುತ್ತಾರೆ. ಆದರೆ ಇಲ್ಲಿನ ನೀರನ್ನು, ಇಲ್ಲಿನ ಮರವನ್ನು ಯಾರೂ ನೋಡಲಿಲ್ಲ ಎಂಬುದು ಮುಖ್ಯ. ಗೋಟ್‌ಲ್ಯಾಂಡಿನಲ್ಲೂ ಕಾಳಿ ಕಣಿವೆಯಲ್ಲೂ ಬರವಣಿಗೆ ಅಚ್ಚುಕಟ್ಟಾಗಿತ್ತು, ಕೋಷ್ಟಕಗಳು ಸರಿಯಾಗಿದ್ದವು, ಮೇಲಿನವರ ಒಪ್ಪಿಗೆಗೆ ಬೇಕಾದ ರೂಪವೆಲ್ಲ ಇತ್ತು. ಆ ರೂಪವನ್ನು ದಾಟಿ ವಸ್ತುವಿನವರೆಗೆ ಹೋಗುವ ತೊಂದರೆ ತೆಗೆದುಕೊಂಡವರು, ಎರಡೂ ಕಡೆ, ಸ್ಥಳವನ್ನು ಬಲ್ಲವರು. ಮೇಲೆ ಕುಳಿತು ಮುದ್ರೆ ಒತ್ತುವವರಿಗೆ ಕಾಣದ್ದು, ಆ ಕೋಣೆಯಲ್ಲಿ ಕೆಲಸ ಮಾಡಿದವರಿಗೆ, ಆ ದಂಡೆಯಲ್ಲಿ ಓಡಾಡಿದವರಿಗೆ ಕಂಡಿತು. ಸಾರ್ವಜನಿಕ ಅಹವಾಲು ಸಭೆಗಳನ್ನು ಮೊಟಕುಗೊಳಿಸಬೇಕು, ಅವು ಅಭಿವೃದ್ಧಿಗೆ ಅಡ್ಡಿ ಎಂದು ಆಗಾಗ ವಾದ ಕೇಳಿಬರುತ್ತದೆ. ಆ ಸಭೆ ಇರದಿದ್ದರೆ ಕಾಳಿಯ ವರದಿಯನ್ನು ಯಾರು ಓದುತ್ತಿದ್ದರು?

ಸಮುದ್ರದ ವಿಷಯದಲ್ಲಿ ನಾವು ಇನ್ನೂ ಹೆಚ್ಚು ಪರಾಧೀನರು. ನದಿಯನ್ನಾದರೂ ದಂಡೆಯಲ್ಲಿ ನಿಂತು ನೋಡಬಹುದು. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರ ನಡುವೆ ಸರಾಸರಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ, ಅದರ ಉತ್ತರ ಭಾಗದಲ್ಲಿ 1993ರಿಂದ 2017ರವರೆಗೆ ನೀರಿನ ಮಟ್ಟ ವರ್ಷಕ್ಕೆ 3.3 ಮಿಲಿಮೀಟರಿನಂತೆ ಏರಿದೆ ಎಂದು ಭಾರತ ಸರ್ಕಾರದ್ದೇ 2020ರ ವರದಿ ಹೇಳುತ್ತದೆ. ಮಲ್ಪೆಯಲ್ಲಾಗಲಿ ಕಾರವಾರದಲ್ಲಾಗಲಿ ನಿಂತು 3.3 ಮಿಲಿಮೀಟರನ್ನು ಯಾರ ಕಣ್ಣೂ ಕಾಣಲಾರದು. ಮುಂಬಯಿ ಬಂದರಿನಲ್ಲಿ 1878ರಿಂದ ಉಬ್ಬರವಿಳಿತ ಬರೆದಿಟ್ಟವರು, ಹಡಗಿನಿಂದ ಉಷ್ಣಮಾಪಕ ಇಳಿಸಿದವರು, ಬಂದರಿನ ಕಟ್ಟೆಯ ಮೇಲೆ ನಸುಕಿನಲ್ಲಿ ನಿಂತು ಬೂತಾಯಿ ಎಷ್ಟು, ಬಂಗುಡೆ ಎಷ್ಟು ಎಂದು ಬುಟ್ಟಿ ಎಣಿಸುವವರು, ಇವರೆಲ್ಲರ ಮಾತಿನ ಮೇಲೆ ನಮ್ಮ ತಿಳಿವಳಿಕೆ ನಿಂತಿದೆ. ಕೇರಳದಲ್ಲಿ ಬೂತಾಯಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿತ್ತು, 2021ರಲ್ಲಿ 3,297 ಟನ್‌ಗೆ ಇಳಿಯಿತು. ಈ ಎರಡು ಅಂಕಿಗಳ ನಡುವೆ ಲಕ್ಷಾಂತರ ಮನೆಗಳ ಒಲೆಯಿದೆ. ಇವುಗಳಲ್ಲಿ ಒಂದನ್ನು ಯಾರೋ ಮನೆಯಲ್ಲಿ ಕುಳಿತು ತುಂಬಿದ್ದರೆ ಎಂದು ಯೋಚಿಸಿದಾಗ, ಗೋಟ್‌ಲ್ಯಾಂಡಿನ ಪ್ರಕರಣ ಎಲ್ಲೋ ದೂರದ ವಿದ್ವಾಂಸರ ಜಗಳವೆಂದು ತೋರುವುದಿಲ್ಲ.

ಸ್ವೀಡನ್ ದೇಶ ಪಾಠ ಕಲಿಯಲಿಲ್ಲ ಎನ್ನಲಾಗದು. ಆ ವರ್ಷಗಳಲ್ಲಿ ಇದಕ್ಕಿಂತ ದೊಡ್ಡದಾದ, ವೈದ್ಯಕೀಯ ಕ್ಷೇತ್ರದ ಹಗರಣವೊಂದೂ ಅಲ್ಲಿ ನಡೆದಿತ್ತು. ಸಂಸ್ಥೆಗಳು ತಮ್ಮನ್ನು ತಾವೇ ವಿಚಾರಿಸಿಕೊಳ್ಳುವ ಪದ್ಧತಿಯನ್ನು ಬದಲಿಸಿ, 2020ರ ಜನವರಿ 1ರಿಂದ ಸಂಶೋಧನಾ ವಂಚನೆಯ ವಿಚಾರಣೆಗೆ ಪ್ರತ್ಯೇಕ ರಾಷ್ಟ್ರೀಯ ಮಂಡಳಿಯನ್ನು ಕಾನೂನಿನ ಮೂಲಕ ಸ್ಥಾಪಿಸಿತು. ಮನುಷ್ಯರು ಒಳ್ಳೆಯವರಾಗಲಿ ಎಂದು ಕಾಯುತ್ತ ಕೂರದೆ, ತಪ್ಪಿಗೆ ಅವಕಾಶ ಕೊಡುವ ನಿಯಮವನ್ನೇ ತಿದ್ದಿದ್ದು ವಿವೇಕದ ಕೆಲಸ.

ದೂರು ಕೊಟ್ಟವರಲ್ಲಿ ಕೆಲವರು ಮುಂದೆ ಇನ್ನೊಂದು ಕೆಲಸ ಮಾಡಿದರು. ಸಮುದ್ರದ ನೀರು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಆಮ್ಲೀಯವಾದಂತೆ ಹವಳದ ದಿಬ್ಬದ ಮೀನುಗಳು ದಿಕ್ಕುತಪ್ಪುತ್ತವೆ, ತಮ್ಮನ್ನು ತಿನ್ನುವ ಮೀನಿನ ವಾಸನೆಯ ಕಡೆಗೇ ಹೋಗುತ್ತವೆ ಎಂದು ಹಿಂದೆ ಹಲವು ಪ್ರಬಂಧಗಳು ಹೇಳಿದ್ದವು. ಅವರು ಆ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದರು. ಅಂಥ ಪರಿಣಾಮ ತಮಗೆ ಕಾಣಲಿಲ್ಲ ಎಂದು 2020ರ ಜನವರಿಯಲ್ಲಿ ಪ್ರಕಟಿಸಿದರು. ಮೂಲ ದತ್ತಾಂಶವನ್ನೂ ವಿಡಿಯೋಗಳನ್ನೂ ಯಾರು ಬೇಕಾದರೂ ನೋಡಲಿ ಎಂದು ತೆರೆದಿಟ್ಟರು. ಆಮ್ಲೀಕರಣದಿಂದ ಸಮುದ್ರಕ್ಕೆ ಬೇರೆ ಹಾನಿಗಳಿಲ್ಲ ಎಂದು ಅವರು ಹೇಳಲಿಲ್ಲ. ಅವರ ಮೇಲೂ ಟೀಕೆ ಬಂತು, ಹಳೆಯ ಪ್ರಬಂಧಗಳ ಲೇಖಕರು ಆಕ್ಷೇಪ ಎತ್ತಿದರು, ವಾದ ಪತ್ರಿಕೆಗಳಲ್ಲಿ ನಡೆಯಿತು. ಜಗಳ ನಡೆಯಬೇಕಾದ ಕ್ರಮವೇ ಅದು, ದಾಖಲೆಯನ್ನು ಮೇಜಿನ ಮೇಲಿಟ್ಟುಕೊಂಡು.

ನಮ್ಮಲ್ಲಿ ಏನಾಗಿದೆ? ಪರಿಸರ ಪರಿಣಾಮದ ವರದಿಗಳ ಕುರಿತ 2006ರ ಅಧಿಸೂಚನೆಯ ಪ್ರಕಾರ ಸುಳ್ಳು ಅಥವಾ ದಾರಿತಪ್ಪಿಸುವ ದತ್ತಾಂಶ ಕೊಟ್ಟರೆ ಅರ್ಜಿಯನ್ನು ತಿರಸ್ಕರಿಸಬಹುದು, ಕೊಟ್ಟ ಅನುಮತಿಯನ್ನೂ ರದ್ದು ಮಾಡಬಹುದು. ಸಲಹಾ ಸಂಸ್ಥೆಗಳಿಗೆ ಮಾನ್ಯತೆ ಪಡೆಯುವುದು ಕಡ್ಡಾಯವಾಗಿದೆ. ಇವು ಒಳ್ಳೆಯ ಹೆಜ್ಜೆಗಳು. ಆದರೆ ವರದಿ ಬರೆಯುವ ಸಂಸ್ಥೆಯನ್ನು ಆರಿಸುವವನು, ಅದಕ್ಕೆ ಹಣ ಕೊಡುವವನು ಇಂದಿಗೂ ಯೋಜನೆ ಬೇಕೆಂದು ಅರ್ಜಿ ಹಾಕಿದವನೇ. ಅನೇಕ ವರ್ಗದ ಯೋಜನೆಗಳಿಗೆ ಒಂದು ಋತುವಿನ ಅಳತೆ ಸಾಕು, ಅದೂ ಮಳೆಗಾಲ ಬಿಟ್ಟು. ಪಶ್ಚಿಮ ಘಟ್ಟದ ಹೊಳೆಗಳು ಬದುಕುವುದೇ ಆ ನಾಲ್ಕು ತಿಂಗಳಲ್ಲಿ. ಅರ್ಜಿದಾರನ ಹಣ ನೇರವಾಗಿ ವರದಿ ಬರೆಯುವವನ ಕೈಗೆ ಹೋಗದೆ ಸ್ವತಂತ್ರ ನಿಧಿಯೊಂದರ ಮೂಲಕ ಹೋಗಲಿ, ಅಳತೆಯ ಮೂಲ ಹಾಳೆಗಳು, ದಿನ, ಗಂಟೆ, ಅಳೆದವರ ಸಹಿ ಸಮೇತ, ಅಹವಾಲು ಸಭೆಗೆ ಮುಂಚೆಯೇ ಗ್ರಾಮ ಪಂಚಾಯಿತಿಯಲ್ಲಿ ಕನ್ನಡದಲ್ಲಿ ಸಿಗಲಿ ಎಂದು ಕೇಳುವುದಕ್ಕೆ ಯಾವ ಹೊಸ ವಿಜ್ಞಾನವೂ ಬೇಕಾಗಿಲ್ಲ. ಮುಂದಿನ ಸಲ ನಮ್ಮ ನದಿಯ ದಂಡೆಯಲ್ಲಿ ಅಂಥ ಸಭೆ ಕರೆದಾಗ, ಯೋಜನೆ ಬೇಕೆನ್ನುವವರೂ ಬೇಡವೆನ್ನುವವರೂ ಮೊದಲು ಆ ಹಾಳೆಗಳನ್ನೇ ಕೇಳಬೇಕು, ತಮ್ಮ ಪರವಾಗಿರುವ ಅಂಕಿಗಳ ಹಾಳೆಗಳನ್ನೂ ಸೇರಿಸಿ.